ಲೆಕ್ಕಕ್ಕೆ ಬಾರದ ಹಕ್ಕಿ

ತರ್ಕ ಮೀಮಾಂಸೆಗಳನ್ನು ಓದಲು ಕುಳಿತ ಬಾಲಕನಿಗೆ ಪಾಠಶಾಲೆಯ ಗುರುಗಳು ಒಂದು ಪ್ರಶ್ನೆಯನ್ನು ಹಾಕುವ ಪದ್ಧತಿಯುಂಟು: "ಈ ನೆಲದ ಮೇಲೆ ಗಡಿಗೆ ಇಲ್ಲವೆಂಬುದು ನಿನಗೆ ಹೇಗೆ ತಿಳಿಯಿತು?" ಬಾಲಕನು ನಗುತ್ತಾನೆ. "ಕಾಣಲಿಲ್ಲ, ಆದುದರಿಂದ ಇಲ್ಲ" ಎನ್ನುತ್ತಾನೆ. ಗುರುಗಳು ಅಷ್ಟಕ್ಕೇ ಬಿಡುವವರಲ್ಲ. "ನಡುರಾತ್ರಿಯಲ್ಲಿ ದೀಪವಿಲ್ಲದ ಕೋಣೆಯೊಳಗೆ ನಿಂತಾಗಲೂ ಹೀಗೆಯೇ ಹೇಳುವೆಯಾ?" ಎಂದು ಕೇಳುತ್ತಾರೆ. ಬಾಲಕನ ನಗೆ ಅಲ್ಲಿಗೆ ನಿಲ್ಲುತ್ತದೆ.

ಕಾಣದಿರುವಿಕೆಗೆ ಶಾಸ್ತ್ರದಲ್ಲಿ ಅನುಪಲಬ್ಧಿಯೆಂದು ಹೆಸರು. ಭಾಟ್ಟಮೀಮಾಂಸಕರೂ ವೇದಾಂತಿಗಳೂ ಇದನ್ನು ಆರನೆಯ ಪ್ರಮಾಣವೆಂದು ಎಣಿಸುತ್ತಾರೆ. ನೈಯಾಯಿಕರು ಪ್ರತ್ಯಕ್ಷಕ್ಕೆ ಇದು ಸಹಾಯ ಮಾತ್ರವೆನ್ನುತ್ತಾರೆ. ಆ ಜಗಳ ಹೇಗಾದರೂ ಇರಲಿ. ಒಂದು ಮಾತಿನಲ್ಲಿ ಉಭಯಪಕ್ಷದವರಿಗೂ ಭೇದವಿಲ್ಲ. ವಸ್ತುವು ಅಲ್ಲಿ ಇದ್ದಿದ್ದರೆ ಕಾಣಲೇಬೇಕಾಗಿತ್ತು ಎಂಬ ಯೋಗ್ಯತೆ ಇರುವಲ್ಲಿ ಮಾತ್ರ, ಕಾಣದಿರುವುದು ಇಲ್ಲದಿರುವುದಕ್ಕೆ ಸಾಕ್ಷಿಯಾಗುತ್ತದೆ. ಬೆಳಕಿರಬೇಕು, ಕಣ್ಣಿರಬೇಕು, ಕಣ್ಣು ಆ ಕಡೆಗೆ ತಿರುಗಿರಬೇಕು. ಇವು ಇಲ್ಲದ ಕಡೆ ಕಾಣದಿರುವುದು ನೋಡಲಿಲ್ಲವೆಂಬುದಕ್ಕಷ್ಟೇ ಸಾಕ್ಷಿ.

ಪಾಠಶಾಲೆಯ ಗಡಿಗೆಯ ಮಾತು ಕಾಡುಮೇಡುಗಳ ಜೀವಿಗಳಿಗೆ ಹೇಗೆ ಅನ್ವಯಿಸುವುದೆಂದು ವಾಚಕರು ಕೇಳಬಹುದು. ಬಯಲುಸೀಮೆಯ ಒಂದು ಹಳ್ಳಿಯಲ್ಲಿ ನಡೆದ ಚಿಕ್ಕ ಸಂಗತಿಯೊಂದನ್ನು ಹೇಳಿದರೆ ಅದು ತಾನಾಗಿ ಸ್ಪಷ್ಟವಾದೀತು.

ಕ್ರೋಧಿ ಸಂವತ್ಸರದ ಮಾಘಮಾಸ, ಎಂದರೆ 2025ನೆಯ ಇಸವಿಯ ಆರಂಭದ ದಿನಗಳು. ಆ ಹಳ್ಳಿಯ ಹಿರಿಯ ಮನೆಯ ಜಗಲಿಗೆ ಒಬ್ಬ ಹುಡುಗಿ ಬಂದು ಕುಳಿತಳು. ಅವಳು ಪ್ರಾಣಿಶಾಸ್ತ್ರವನ್ನು ಓದುತ್ತಿದ್ದವಳು. ಊರೂರು ಸುತ್ತಿ ರಣಹದ್ದುಗಳ ವಿಷಯವನ್ನು ವಿಚಾರಿಸಿ ಬರೆದುಕೊಳ್ಳುತ್ತಿದ್ದಳು. ಮನೆಯ ಯಜಮಾನರಿಗೆ ಎಂಬತ್ತು ದಾಟಿತ್ತು. ಲೆಕ್ಕವನ್ನು ಇಡುವುದರಲ್ಲಿ ಸುತ್ತಣ ಹತ್ತು ಹಳ್ಳಿಗಳಲ್ಲಿ ಆ ಮನೆತನಕ್ಕೆ ಹೆಸರಿತ್ತು. ಅಜ್ಜನ ಕಾಲದ ಕಡತಗಳು, ತಂದೆಯ ಕಾಲದ ದಫ್ತರಗಳು, ತಮ್ಮ ಕೈಯ ಕೆಂಪು ಬಟ್ಟೆ ಹೊದಿಸಿದ ಪುಸ್ತಕಗಳು, ಎಲ್ಲವೂ ಒಂದು ಮರದ ಪೆಟ್ಟಿಗೆಯಲ್ಲಿ ಸಾಲಾಗಿ ಇದ್ದುವು. ಯಾವ ವರುಷ ಕೆರೆ ಕೋಡಿ ಬಿದ್ದಿತು, ರಾಗಿ ಪಲ್ಲಕ್ಕೆ ಏನು ಧಾರಣೆಯಿತ್ತು, ಯಾವ ಜಾತ್ರೆಯಲ್ಲಿ ಯಾವ ಎತ್ತನ್ನು ಎಷ್ಟಕ್ಕೆ ಕೊಂಡರು, ಅದು ಎಂದು ಸತ್ತಿತು, ಇದೆಲ್ಲ ಸಂವತ್ಸರ, ಮಾಸ, ತಿಥಿಗಳ ಸಮೇತ ಅಲ್ಲಿ ಸಿಕ್ಕುತ್ತಿತ್ತು.

"ತಾತ, ನಿಮ್ಮೂರಿನಲ್ಲಿ ಹದ್ದುಗಳು ಇದ್ದುವೇ?" ಎಂದು ಹುಡುಗಿ ಕೇಳಿದಳು.

"ಇರಲಿಲ್ಲವೇ ಮಗು! ಕೆರೆಯ ಹಿಂದಣ ತೋಪಿನಲ್ಲಿ ಕೊಂಬೆ ಬಗ್ಗುವಷ್ಟು ಕೂತಿರುತ್ತಿದ್ದುವು. ಗೋಮಾಳದಲ್ಲಿ ಒಂದು ರಾಸು ಬಿದ್ದರೆ ಆಕಾಶವೇ ಕಪ್ಪಾಗುತ್ತಿತ್ತು."

"ಎಷ್ಟು ಇದ್ದಿರಬಹುದು?"

"ಎಷ್ಟೆಂದು ಹೇಳಲಿ? ಬಹಳ."

"ಯಾವಾಗ ಕಾಣದೆ ಹೋದುವು?"

ಯಜಮಾನರು ಉತ್ತರ ಕೊಡಲು ಬಾಯಿ ತೆರೆದರು, ಉತ್ತರ ಬರಲಿಲ್ಲ. ಎದ್ದು ಹೋಗಿ ಪೆಟ್ಟಿಗೆಯನ್ನು ತೆರೆದರು. ಒಂದೊಂದಾಗಿ ಪುಸ್ತಕಗಳನ್ನು ತಿರುವಿದರು. ಮೂವತ್ತು ವರುಷದ ಲೆಕ್ಕದಲ್ಲಿ ಹದ್ದು ಎಂಬ ಎರಡಕ್ಷರ ಒಂದು ಕಡೆಯೂ ಇರಲಿಲ್ಲ. ಕೋಳಿಯ ಲೆಕ್ಕವಿತ್ತು, ತೆಂಗಿನಕಾಯಿಯ ಲೆಕ್ಕವಿತ್ತು, ದೇವಸ್ಥಾನಕ್ಕೆ ಕೊಟ್ಟ ಎಣ್ಣೆಯ ಲೆಕ್ಕವಿತ್ತು. ಊರಿನ ಹೆಣಗಳನ್ನೆಲ್ಲ ಕೂಲಿಯಿಲ್ಲದೆ ಶುದ್ಧಿಮಾಡಿ ಹೋಗುತ್ತಿದ್ದ ಹಕ್ಕಿಯ ಲೆಕ್ಕವಿರಲಿಲ್ಲ. ಪುಸ್ತಕವನ್ನು ಮುಚ್ಚಿ ಆ ವೃದ್ಧರು ಸ್ವಲ್ಪ ಹೊತ್ತು ಸುಮ್ಮನೆ ಕುಳಿತರು. ಕೊಟ್ಟದ್ದು ಕೊಂಡದ್ದು ಮಾತ್ರ ಲೆಕ್ಕಕ್ಕೆ ಬರುವುದೆಂದು ತಿಳಿದಿದ್ದವರಿಗೆ ಅದೊಂದು ನಾಚಿಕೆಯ ಗಳಿಗೆಯಾಯಿತು.

ಆಮೇಲೆ ಅವರೇ, "ಇದನ್ನು ಬಲ್ಲವನು ಬೇರೊಬ್ಬನಿದ್ದಾನೆ" ಎಂದು ಆಳನ್ನು ಕಳುಹಿಸಿದರು.

ಬಂದಾತನು ಯಜಮಾನರಿಗಿಂತ ನಾಲ್ಕೈದು ವರುಷಕ್ಕೆ ಚಿಕ್ಕವನಾದ ಒಬ್ಬ ಮುದುಕ. ಸತ್ತ ರಾಸುಗಳನ್ನು ಊರಿನಿಂದ ಗೋಮಾಳಕ್ಕೆ ಎಳೆದು ಸಾಗಿಸಿ ಚರ್ಮವನ್ನು ಸುಲಿಯುವ ಕೆಲಸ ಅವನ ಹಿರಿಯರಿಂದ ಅವನಿಗೆ ಬಂದದ್ದು. ಅವನು ಅಂಗಳದಲ್ಲಿಯೇ ನಿಂತನು. ಹುಡುಗಿಯು ಎದ್ದು, "ತಾತ, ಮೇಲೆ ಬಂದು ಕೂತ್ಕೊಳ್ಳಿ, ನಾನು ಬರೆದುಕೊಳ್ಳಬೇಕು" ಎಂದಳು. ಇಬ್ಬರು ಮುದುಕರನ್ನೂ ಅವಳು ಒಂದೇ ಪದದಿಂದ ಕರೆದುದನ್ನು ಯಜಮಾನರು ಗಮನಿಸಿದರು. "ಬಾ, ಕೂತ್ಕೊ" ಎಂದು ತಾವೂ ಹೇಳಿದರು. ಎಪ್ಪತ್ತೈದು ವರುಷದಲ್ಲಿ ಆತನು ಆ ಜಗಲಿಯ ಮೇಲೆ ಕುಳಿತದ್ದು ಅದೇ ಮೊದಲು.

ಹದ್ದಿನ ಮಾತು ಬಂದೊಡನೆ ಆತನ ಮುಖ ಅರಳಿತು. "ಅವು ನಮ್ಮ ಜತೆಗಾರರಲ್ವೇನವ್ವ. ನಾನು ಚರ್ಮ ಬಿಡಿಸಿ ಹತ್ತು ಹೆಜ್ಜೆ ಈಚೆಗೆ ಬರೋವರೆಗೂ ಕಾದಿರೋವು. ಕೆರೇಲಿ ಕತ್ತಿ ತೊಳ್ಕೊಂಡು ತಿರುಗಿ ನೋಡೋದರೊಳಗೆ ಬರೀ ಮೂಳೆ. ಬೆನ್ನ ಮೇಲೆ ಬೆಳ್ಳಗಿರೋ ಜಾತಿಯೇ ಹೆಚ್ಚು. ಬಂಡೆ ಕಡೆಯಿಂದ ಬರೋವು ಬೇರೆ, ಅವಕ್ಕೆ ಕೊಕ್ಕು ಉದ್ದ." ಹೀಗೆ ಪಕ್ಷಿಗ್ರಂಥಗಳಲ್ಲಿ ಹೇಳಿದ ಭೇದಗಳನ್ನು ಅಕ್ಷರ ಬಾರದ ಆತನು ಒಂದೊಂದಾಗಿ ವಿವರಿಸಿದನು. ಆದರೆ ಯಾವ ವರುಷ ಎಂಬ ಪ್ರಶ್ನೆಗೆ ಆತನಲ್ಲಿಯೂ ಉತ್ತರವಿರಲಿಲ್ಲ. "ಇಸವಿ ಗಿಸವಿ ನಂಗೇನು ಗೊತ್ತವ್ವ? ಯಾವ ರಾಸು ಬಿದ್ದಾಗ ಎಷ್ಟು ಬಂದಿದ್ದೋ ಅದು ಬೇಕಾದ್ರೆ ಹೇಳ್ತೀನಿ."

ಈ ಮಾತನ್ನು ಕೇಳಿ ಹುಡುಗಿಯು ಯಜಮಾನರ ಮುಖವನ್ನು ನೋಡಿದಳು. ಯಜಮಾನರು ಮತ್ತೆ ಪೆಟ್ಟಿಗೆಯನ್ನು ತೆರೆದರು. ತಿಥಿವಾರಗಳು ಪುಸ್ತಕದಲ್ಲಿದ್ದುವು, ಹದ್ದುಗಳು ಮುದುಕನ ನೆನಪಿನಲ್ಲಿದ್ದುವು. ರಾಸು ಸತ್ತ ಸುದ್ದಿಯೊಂದೇ ಇಬ್ಬರಲ್ಲಿಯೂ ಇದ್ದ ಕೊಂಡಿ.

ಒಬ್ಬರು ಓದಿದರು, ಇನ್ನೊಬ್ಬನು ಹೇಳಿದನು, ಹುಡುಗಿಯು ಬರೆದುಕೊಂಡಳು. ಪ್ರಮೋದೂತ ಸಂವತ್ಸರದಲ್ಲಿ, ಎಂದರೆ 1990-91ರಲ್ಲಿ, ಬಿಳಿಯ ಎತ್ತು ಸತ್ತಿತು: "ಎಣಿಸೋಕ್ಕಾಗದಷ್ಟು ಬಂದಿದ್ದೋ." ಶ್ರೀಮುಖದಲ್ಲಿ, 1993-94ರಲ್ಲಿ, ಕೊಂಬು ಮುರಿದ ಎಮ್ಮೆ: "ಆಗಲೂ ತುಂಬ." ಧಾತು ಸಂವತ್ಸರದ 1996-97ರಲ್ಲಿ ಕಂದು ಹಸು: "ಏಳೋ ಎಂಟೋ ಇದ್ದೋ. ತಿಂದು ಹಾರಲಿಲ್ಲ. ಮರದ ಮೇಲೆ ಕತ್ತು ಜೋತುಬಿಟ್ಟುಕೊಂಡು ಕೂತಿದ್ದೋ. ಎರಡು ದಿವಸದ ಮೇಲೆ ಕೆಳಗೆ ಬಿದ್ದಿದ್ದೋ." ಬಹುಧಾನ್ಯದಲ್ಲಿ, 1998-99ರಲ್ಲಿ, ಹಳ್ಳಿಕಾರ ಎತ್ತು: "ಮಾರನೇ ದಿವಸ ಎರಡು ಬಂದ್ವು." ವಿಕ್ರಮದಲ್ಲಿ, 2000-01ರಲ್ಲಿ, ಕೆಂದ ಹಸು: "ಒಂದೂ ಇಲ್ಲ. ಮೂರು ದಿವಸ ಹಂಗೇ ಬಿದ್ದಿತ್ತು, ಊರಿಗೆಲ್ಲ ನಾತ. ನಾಯಿಗಳು ಬಂದ್ವು." ಚಿತ್ರಭಾನುವಿನಲ್ಲಿ, 2002-03ರಲ್ಲಿ, ಸತ್ತ ಹೋರಿಯನ್ನು ಗುಂಡಿ ತೋಡಿ ಹೂಳಿದರು. ಅಂದಿನಿಂದ ಎಲ್ಲವನ್ನೂ ಹೂಳುವುದೇ.

ಆರು ಸಾಲುಗಳು. ಒಂದು ಹಳ್ಳಿಯ ಆಕಾಶವು ಬರಿದಾದ ಚರಿತ್ರೆ ಅಷ್ಟರಲ್ಲಿ ಅಡಗಿತ್ತು. ಯಜಮಾನರ ಪುಸ್ತಕ ಮಾತ್ರವಿದ್ದಿದ್ದರೆ ಅದು ಕತ್ತಲೆಯ ಕೋಣೆ. ಮುದುಕನ ನೆನಪು ಮಾತ್ರವಿದ್ದಿದ್ದರೆ ಅದು ಗೋಡೆಗಳಿಲ್ಲದ ಬಯಲು. ಎರಡೂ ಒಂದೇ ಜಗಲಿಯ ಮೇಲೆ ಕೂಡಿಬರಲು ಇಷ್ಟು ಕಾಲ ಬೇಕಾಯಿತು.

ಇದು ಒಂದು ಹಳ್ಳಿಯ ಮಾತಾಯಿತು. ಭರತಖಂಡದ ಮಾತೂ ಇದಕ್ಕಿಂತ ಬೇರೆಯಾಗಿರಲಿಲ್ಲ. ಬಿಳಿಬೆನ್ನಿನ ರಣಹದ್ದು ಬಹುಶಃ ಜಗತ್ತಿನಲ್ಲಿಯೇ ಅತ್ಯಂತ ಹೆಚ್ಚು ಸಂಖ್ಯೆಯಲ್ಲಿರುವ ದೊಡ್ಡ ಬೇಟೆಹಕ್ಕಿಯೆಂದು 1980ರ ದಶಕದಲ್ಲಿ ವಿದ್ವಾಂಸರು ಬರೆದರು. ಆಗ ಎಷ್ಟಿದ್ದುವೆಂದು ಇಂದು ಕೇಳಿದರೆ ಕೋಟಿಗಟ್ಟಲೆ ಎನ್ನುತ್ತಾರೆ. ಅದು ಊಹೆ, ಎಣಿಸಿ ಬರೆದಿಟ್ಟವರು ಯಾರೂ ಇರಲಿಲ್ಲ. ಈ ದೇಶದಲ್ಲಿ ಜನರ ಖಾನೇಷುಮಾರಿ 1872ರಿಂದ ಉಂಟು. ದನಕರುಗಳ ಗಣತಿ 1919-20ರಿಂದ ಉಂಟು. ಎತ್ತು, ಎಮ್ಮೆ, ಕುರಿ, ಮೇಕೆ ಎಲ್ಲವನ್ನೂ ಎಣಿಸಿದ ಸರಕಾರಗಳು ಆ ಎತ್ತು ಎಮ್ಮೆಗಳನ್ನು ಕಡೆಯಲ್ಲಿ ಉಂಡು ಮುಗಿಸುವ ಹಕ್ಕಿಯನ್ನು ಎಣಿಸಲಿಲ್ಲ. ಹಳೆಯ ಪಕ್ಷಿಗ್ರಂಥಗಳು ಅದರ ಹೆಸರಿನ ಎದುರಿಗೆ ಸಾಮಾನ್ಯವಾಗಿ ಎಲ್ಲೆಲ್ಲಿಯೂ ಕಾಣುವುದೆಂದು ಬರೆದು ಮುಂದಕ್ಕೆ ನಡೆದುವು. ಅಪರೂಪದ ಹಕ್ಕಿಗೆ ಪುಟಗಟ್ಟಲೆ ಬರೆದ ಲೇಖನಿಗೆ ಮನೆಯ ಹಿತ್ತಲಿನ ಹಕ್ಕಿಯ ಮೇಲೆ ಹನಿ ಮಸಿಯೂ ಉಳಿದಿರಲಿಲ್ಲ. ಸಾಮಾನ್ಯವಾದುದು ಎಂದಿಗೂ ಇರುವುದೆಂಬ ಭ್ರಮೆ ಪಾಮರರಿಗೆ ಎಷ್ಟೋ ಪಂಡಿತರಿಗೂ ಅಷ್ಟೇ.

ಅದೃಷ್ಟವಶಾತ್ ಎರಡು ಕಡೆ ದೀಪ ಉರಿಯುತ್ತಿತ್ತು. ರಾಜಸ್ಥಾನದ ಭರತಪುರದ ಬಳಿಯ ಕೇವಲಾದೇವ ಉದ್ಯಾನದಲ್ಲಿ ಮುಂಬಯಿಯ ಪ್ರಕೃತಿಚರಿತ್ರೆಯ ಸಂಘದ ವಿಭು ಪ್ರಕಾಶ್ ಎಂಬ ವಿದ್ವಾಂಸರು 1980ರ ದಶಕದಲ್ಲಿ ಬೇಟೆಹಕ್ಕಿಗಳನ್ನು ಅಭ್ಯಾಸಮಾಡುತ್ತ ರಣಹದ್ದುಗಳನ್ನೂ ಅವುಗಳ ಗೂಡುಗಳನ್ನೂ ಎಣಿಸಿದ್ದರು. ಸುಮಾರು ಹತ್ತು ವರುಷಗಳ ಮೇಲೆ ಅವರು ಅದೇ ಸ್ಥಳಕ್ಕೆ ಮರಳಿ ಬಂದು ಅದೇ ಕ್ರಮದಲ್ಲಿ ಎಣಿಸಿದರು. ಮರಗಳ ಮೇಲೆ ಸತ್ತ ಹದ್ದುಗಳು ಜೋತುಬಿದ್ದಿದ್ದುವು, ಗೂಡುಗಳು ಬರಿದಾಗಿದ್ದುವು. ಹಳೆಯ ಅಂಕಿಗಳು ಕೈಯಲ್ಲಿ ಇದ್ದುದರಿಂದಲೇ ಕುಸಿತವು ಎಷ್ಟೆಂಬುದನ್ನು 1999ರಲ್ಲಿ ಅವರು ಲೋಕದ ಮುಂದೆ ಇಡಬಲ್ಲವರಾದರು. ಇನ್ನೊಂದು ದೀಪ, 1990ರ ದಶಕದ ಮೊದಲ ವರುಷಗಳಲ್ಲಿ ಅದೇ ಸಂಘದವರು ಉತ್ತರಭಾರತದ ರಸ್ತೆಗಳುದ್ದಕ್ಕೂ ವಾಹನದಲ್ಲಿ ಹೋಗುತ್ತ ಬೇಟೆಹಕ್ಕಿಗಳನ್ನೆಲ್ಲ ಎಣಿಸಿದ ಪಟ್ಟಿ. ಹದ್ದುಗಳು ನಾಶವಾಗುವುವೆಂಬ ಶಂಕೆಯಿಂದ ಹಾಕಿದ ಪಟ್ಟಿಯಲ್ಲ ಅದು. ಆದರೆ ಅದೇ ರಸ್ತೆಗಳಲ್ಲಿ 2000ದಿಂದ 2007ರ ವರೆಗೆ ಮತ್ತೆ ಮತ್ತೆ ಎಣಿಸಿದಾಗ ನಿಜವು ಹೊರಬಿತ್ತು. ಬಿಳಿಬೆನ್ನಿನ ಹದ್ದುಗಳು ಸಾವಿರಕ್ಕೆ ಒಂದರಷ್ಟು ಉಳಿದಿದ್ದುವು. ಉದ್ದಕೊಕ್ಕಿನವೂ ಸಪೂರಕೊಕ್ಕಿನವೂ ನೂರಕ್ಕೆ ಮೂರರಷ್ಟು ಉಳಿದಿದ್ದುವು. ಹದಿನೈದು ವರುಷಗಳಲ್ಲಿ ಇಷ್ಟು ವೇಗವಾಗಿ ನಶಿಸಿದ ಹಕ್ಕಿಗಳ ಉದಾಹರಣೆಗಳು ಜಗತ್ತಿನ ಚರಿತ್ರೆಯಲ್ಲಿಯೇ ಬಹಳ ಇಲ್ಲ.

ಕಾರಣವನ್ನು ಹುಡುಕುವುದರಲ್ಲಿ ಮತ್ತೆ ಕೆಲವು ವರುಷಗಳು ಕಳೆದುವು. ಯಾವುದೋ ಅಂಟುರೋಗವೆಂದು ಮೊದಲು ಶಂಕಿಸಿದರು. ಕೊನೆಗೆ 2004ರಲ್ಲಿ ಲಿಂಡ್ಸೆ ಓಕ್ಸ್ ಎಂಬವರೂ ಅವರ ಜತೆಯವರೂ ಪಾಕಿಸ್ತಾನದಲ್ಲಿ ಸತ್ತ ಹದ್ದುಗಳನ್ನು ಸೀಳಿ ಪರೀಕ್ಷಿಸಿ, ದನಗಳಿಗೆ ನೋವು ಬಾವುಗಳಿಗಾಗಿ ಕೊಡುವ ಡೈಕ್ಲೋಫಿನ್ಯಾಕ್ ಎಂಬ ಔಷಧವೇ ಕಾರಣವೆಂದು ಸಿದ್ಧಮಾಡಿದರು. ಆ ಔಷಧ ಹೊಕ್ಕ ರಾಸು ಬೇಗನೆ ಸತ್ತರೆ ಅದರ ಮಾಂಸವನ್ನು ತಿಂದ ಹದ್ದಿಗೆ ಮೂತ್ರಪಿಂಡಗಳು ಕೆಡುತ್ತವೆ. ಒಳಗಣ ಅಂಗಗಳ ಮೇಲೆ ಸುಣ್ಣ ಬಳಿದಂತೆ ಬಿಳಿಯ ಪುಡಿ ಕಟ್ಟುತ್ತದೆ. ಕೆಲವೇ ದಿನಗಳಲ್ಲಿ ಸಾವು. ಹೆಣಗಳಲ್ಲಿ ನೂರಕ್ಕೆ ಒಂದಕ್ಕಿಂತ ಕಡಿಮೆ ವಿಷಪೂರಿತವಾಗಿದ್ದರೂ ಇಡೀ ಕುಲವು ಅಳಿಯಲು ಸಾಕೆಂದು ಗಣಿತಜ್ಞರು ತೋರಿಸಿದರು. ಒಂದು ಹೆಣಕ್ಕೆ ನೂರಾರು ಹದ್ದುಗಳು ಒಟ್ಟಿಗೆ ಇಳಿಯುತ್ತಿದ್ದುವಲ್ಲವೆ! ಭಾರತ ಸರಕಾರವು 2006ರಲ್ಲಿ ಪಶುಗಳಿಗಾಗಿ ಈ ಔಷಧದ ತಯಾರಿಕೆಯನ್ನು ನಿಷೇಧಿಸಿತು. ಹದ್ದಿಗೆ ಅಪಾಯಕರವಾದ ಕಿಟೋಪ್ರೊಫೆನ್, ಅಸಿಕ್ಲೋಫಿನ್ಯಾಕ್ ಎಂಬ ಇನ್ನೆರಡು ಔಷಧಗಳನ್ನು ಪಶುಗಳಿಗೆ ಬಳಸುವುದು 2023ರಲ್ಲಿ ನಿಷಿದ್ಧವಾಯಿತು. ಮೆಲೋಕ್ಸಿಕಾಮ್ ಎಂಬುದು ಹದ್ದಿಗೆ ನಿರಪಾಯವೆಂದು ಗೊತ್ತಾಗಿದೆ.

ಜಗಲಿಯ ಮೇಲೆ ಹುಡುಗಿಯು ಇದನ್ನೆಲ್ಲ ತಿಳಿಯಹೇಳಿದಾಗ ಯಜಮಾನರು ಧಾತು ಸಂವತ್ಸರದ ಪುಸ್ತಕವನ್ನು ಮತ್ತೊಮ್ಮೆ ಕೈಗೆ ತೆಗೆದುಕೊಂಡರು. ಕಂದು ಹಸುವು ಸಾಯುವುದಕ್ಕೆ ಎರಡು ದಿನ ಮುಂಚೆ ಅಲ್ಲೊಂದು ಸಾಲಿತ್ತು: "ಹಸುವಿಗೆ ಸೂಜಿಮದ್ದು, 40 ರೂ." ಬೆರಳನ್ನು ಆ ಸಾಲಿನ ಮೇಲೆ ಇಟ್ಟು, "ಮಗು, ಇದು ಆ ಮದ್ದೇ ಏನು?" ಎಂದು ಕೇಳಿದರು.

ಹುಡುಗಿಯು ಬಹಳ ಹೊತ್ತು ಆ ಸಾಲನ್ನು ನೋಡಿದಳು. ಔಷಧದ ಹೆಸರು ಬರೆದಿರಲಿಲ್ಲ. "ಹೇಳೋಕ್ಕಾಗುವುದಿಲ್ಲ ತಾತ" ಎಂದಳು.

ಆಗಿದ್ದರೆ ಆಗಿದೆ, ಇಲ್ಲವಾದರೆ ಇಲ್ಲ ಎಂದು ತಿಳಿದುಕೊಂಡು ಮನುಷ್ಯನು ಪಶ್ಚಾತ್ತಾಪವನ್ನಾದರೂ ಪಡಬಹುದು, ನೆಮ್ಮದಿಯನ್ನಾದರೂ ಪಡೆಯಬಹುದು. ಆ ವೃದ್ಧರಿಗೆ ಎರಡೂ ದೊರೆಯಲಿಲ್ಲ. ಸಂಕಟಪಡುತ್ತಿದ್ದ ಹಸುವಿನ ಮೇಲಿನ ಕರುಣೆಯಿಂದ ಚುಚ್ಚಿಸಿದ ಮದ್ದು ಅದು. ಮೂವತ್ತು ವರುಷ ಒಂದು ಕಾಸೂ ತಪ್ಪದಂತೆ ಬರೆದ ಲೆಕ್ಕದಲ್ಲಿ, ಮನಸ್ಸಿಗೆ ಬೇಕಾದ ಒಂದು ಪದವೇ ಬಿಟ್ಟುಹೋಗಿತ್ತು.

ಬಿಟ್ಟುಹೋದ ಪದಗಳ ಬೆಲೆ ಹಕ್ಕಿಗಳಿಗೆ ಮಾತ್ರ ಸೇರಿದ್ದಲ್ಲ. ಹದ್ದುಗಳು ಹೋದ ಮೇಲೆ ಹೆಣಗಳು ಕೊಳೆತುವು, ನೀರು ಕೆಟ್ಟಿತು, ನಾಯಿಗಳು ಹೆಚ್ಚಿದುವು, ಅವುಗಳೊಡನೆ ಹುಚ್ಚುನಾಯಿಯ ಕಡಿತದ ಭಯವೂ ಹೆಚ್ಚಿತು. ಇಬ್ಬರು ಅರ್ಥಶಾಸ್ತ್ರಜ್ಞರು 2024ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ, 2000ದಿಂದ 2005ರ ವರೆಗಿನ ಅವಧಿಯಲ್ಲಿ ಹದ್ದುಗಳ ನಾಶದಿಂದ ಸುಮಾರು ಐದು ಲಕ್ಷ ಮಂದಿ ಹೆಚ್ಚಾಗಿ ಸತ್ತರೆಂದು ಅಂದಾಜುಮಾಡಿದ್ದಾರೆ. ಗಮನಿಸತಕ್ಕ ವಿಷಯವೇನೆಂದರೆ, ಯಾವ ಜಿಲ್ಲೆಯಲ್ಲಿ ಮೊದಲು ಎಷ್ಟು ಹದ್ದುಗಳಿದ್ದುವೆಂಬ ಗಣತಿಯೇ ಇಲ್ಲದುದರಿಂದ, ಯಾವ ಜಿಲ್ಲೆಯು ಹದ್ದಿನ ವಾಸಕ್ಕೆ ಯೋಗ್ಯವಾಗಿತ್ತೆಂಬ ನಕ್ಷೆಯನ್ನು ಆಧಾರವಾಗಿ ಹಿಡಿದು ಅವರು ಲೆಕ್ಕಹಾಕಬೇಕಾಯಿತು. ಮನುಷ್ಯರ ಮರಣದ ಲೆಕ್ಕವಿತ್ತು. ಹಕ್ಕಿಗಳ ಮರಣದ ಲೆಕ್ಕವನ್ನು ಊಹೆಯಿಂದ ತುಂಬಬೇಕಾಯಿತು.

ಬರೆಯದೆ ಬಿಟ್ಟದ್ದು ಒಂದು ಬಗೆಯ ನಷ್ಟವಾದರೆ, ಬರೆದದ್ದನ್ನು ಕಾಪಾಡದಿರುವುದು ಇನ್ನೊಂದು ಬಗೆಯದು. ಭಾರತ ರಾಷ್ಟ್ರೀಯ ಕಾಂಗ್ರೆಸ್ಸಿನ ಸ್ಥಾಪಕರಲ್ಲಿ ಒಬ್ಬರೆಂದು ಎಲ್ಲರೂ ಬಲ್ಲ ಅಲನ್ ಆಕ್ಟೇವಿಯನ್ ಹ್ಯೂಮರು ಅದಕ್ಕೆ ಮುಂಚೆ ಈ ದೇಶದ ಪಕ್ಷಿಗಳ ವಿಷಯದಲ್ಲಿ ಅದ್ವಿತೀಯ ಪಂಡಿತರಾಗಿದ್ದರು. ದೇಶದ ನಾನಾಕಡೆಗಳಿಂದ ಬಂದ ವರದಿಗಳು, ಸ್ವಂತ ಟಿಪ್ಪಣಿಗಳು, ಒಟ್ಟಿನಲ್ಲಿ ಸುಮಾರು ಇಪ್ಪತ್ತೈದು ವರುಷದ ಸಾಮಗ್ರಿಯನ್ನು ಸಿಮ್ಲೆಯ ತಮ್ಮ ಮನೆಯಲ್ಲಿ ಕೂಡಿಟ್ಟು, ಒಂದು ಮಹಾಗ್ರಂಥವನ್ನು ರಚಿಸಬೇಕೆಂದಿದ್ದರು. 1884-85ರ ಚಳಿಗಾಲದಲ್ಲಿ ಅವರು ಊರಿನಲ್ಲಿಲ್ಲದ ಸಮಯವನ್ನು ನೋಡಿ ಮನೆಯ ಸೇವಕನೊಬ್ಬನು ಆ ಕಾಗದಗಳನ್ನೆಲ್ಲ ಪೇಟೆಯಲ್ಲಿ ರದ್ದಿಗೆ ಮಾರಿಬಿಟ್ಟನು. ಹ್ಯೂಮರು ಪಕ್ಷಿಶಾಸ್ತ್ರದಿಂದಲೇ ವಿಮುಖರಾದರು. ಚರ್ಮ, ಗೂಡು, ಮೊಟ್ಟೆಗಳೆಲ್ಲ ಸೇರಿ ಸುಮಾರು 82,000 ವಸ್ತುಗಳ ತಮ್ಮ ಸಂಗ್ರಹವನ್ನು 1885ರಲ್ಲಿ ಲಂಡನ್ನಿನ ವಸ್ತುಸಂಗ್ರಹಾಲಯಕ್ಕೆ ದಾನವಾಗಿ ಕೊಟ್ಟರು. ಚರ್ಮಗಳು ಉಳಿದುವು, ಟಿಪ್ಪಣಿಗಳು ಬೆಲ್ಲ ಮೆಣಸುಗಳ ಪೊಟ್ಟಣಗಳಾಗಿ ಹೋದುವೋ ಏನೋ!

ಮೂರನೆಯ ಬಗೆಯ ನಷ್ಟವು ಬಲ್ಲವರನ್ನು ಕೇಳದಿರುವುದು. ಜರ್ಡನ್ನನ ಓಟದಹಕ್ಕಿಯೆಂದು ಪ್ರಸಿದ್ಧವಾದ ಹಕ್ಕಿಯೊಂದು ಆಂಧ್ರದೇಶದ ಕುರುಚಲು ಕಾಡುಗಳಲ್ಲಿದೆ. 1848ರಲ್ಲಿ ಗ್ರಂಥಸ್ಥವಾದ ಆ ಹಕ್ಕಿಯು 1900ರ ಬಳಿಕ ಯಾವ ಪಂಡಿತನ ಕಣ್ಣಿಗೂ ಬೀಳಲಿಲ್ಲ. ಕುಲವೇ ಅಳಿದಿರಬೇಕೆಂದು ಬಹುಮಂದಿ ತಿಳಿದರು. 1986ರಲ್ಲಿ ಕಡಪ ಜಿಲ್ಲೆಯ ಲಂಕಮಲ ಬೆಟ್ಟಗಳ ಬಳಿ ಅದು ಮತ್ತೆ ಸಿಕ್ಕಿತು. ಸಿಕ್ಕಿದುದು ಸ್ಥಳೀಯ ಬೇಟೆಗಾರರ ಸಹಾಯದಿಂದ. ಅವರಿಗೆ ಅದು ಕಾಣೆಯಾದ ಹಕ್ಕಿಯೇ ಆಗಿರಲಿಲ್ಲ. ತೆಲುಗಿನಲ್ಲಿ ಅದಕ್ಕೆ ಕಲಿವಿಕೋಡಿ ಎಂಬ ಹೆಸರೂ ಇದ್ದಿತು. ಅದು ರಾತ್ರಿ ಸಂಚರಿಸುವ ಹಕ್ಕಿ. ಪಂಡಿತರು ಹಗಲಿನಲ್ಲಿ ಹುಡುಕಿದ್ದರು. ಎಂಬತ್ತಾರು ವರುಷದ ಅನುಪಲಬ್ಧಿಯು ಹಕ್ಕಿಯ ಅಭಾವವನ್ನು ತೋರಿಸಲಿಲ್ಲ. ಹುಡುಕಿದವರ ಹೊತ್ತನ್ನು ತೋರಿಸಿತು.

ಇದಕ್ಕೆ ತಿರುಗುಮುರುಗಾದ ದೋಷವೂ ಉಂಟು. ರಾಜಸ್ಥಾನದ ಸರಿಸ್ಕಾ ಕಾಡಿನಲ್ಲಿ ಹತ್ತಕ್ಕೂ ಹೆಚ್ಚು ಹುಲಿಗಳಿವೆಯೆಂದು 2004ರಲ್ಲಿ ಕಡತಗಳು ಹೇಳುತ್ತಿದ್ದುವು. 2005ರಲ್ಲಿ ನೋಡಿದರೆ ಒಂದೂ ಇರಲಿಲ್ಲ, ಕಳ್ಳಬೇಟೆಗಾರರು ಮುಗಿಸಿದ್ದರು. ಬರೆಯದ ಪುಟವು ಅಜ್ಞಾನವಾದರೆ ನೋಡದೆ ಬರೆದ ಪುಟವು ವಿಪರ್ಯಯ, ಎಂದರೆ ತಪ್ಪುತಿಳಿವು. ಅಜ್ಞಾನಿಯು ಕೇಳಿ ತಿಳಿಯಬಹುದು; ತಪ್ಪು ತಿಳಿದವನು ಕೇಳುವುದೇ ಇಲ್ಲ. ಆದುದರಿಂದ ಎರಡನೆಯದು ಹೆಚ್ಚು ಘಾತಕ. ಆ ಪ್ರಮಾದವಾದ ಮೇಲೆ, 2006ರಿಂದ ನಾಲ್ಕು ವರುಷಕ್ಕೊಮ್ಮೆ ದೇಶದಲ್ಲೆಲ್ಲ ಹುಲಿಗಳನ್ನು ಹೊಸ ಕ್ರಮದಿಂದ ಎಣಿಸುವ ಏರ್ಪಾಡಾಯಿತು. ಹುಲಿಗೆ ಅಷ್ಟು ಗೌರವ ದೊರೆಯಿತು. ಕಪ್ಪೆಗೆ, ಹಾವುರಾಣಿಗೆ, ದುಂಬಿಗೆ, ಹೊಲದ ಬದುವಿನ ಹುಲ್ಲಿಗೆ ಆ ಗೌರವ ಇಲ್ಲ. ಅಪಾಯದಲ್ಲಿರುವ ಜೀವಿಗಳ ಜಾಗತಿಕ ಪಟ್ಟಿಯಲ್ಲಿ 'ಮಾಹಿತಿ ಸಾಲದು' ಎಂಬ ವರ್ಗವೇ ಬೇರೆ ಇದೆ. ಅಳಿವಿನ ಅಂಚಿನಲ್ಲಿದೆಯೆಂದು ಹೇಳುವಷ್ಟು ಕೂಡ ತಿಳಿಯದ ಜೀವಿಗಳು ಆ ವರ್ಗದಲ್ಲಿ ಸೇರುತ್ತವೆ.

ಹಕ್ಕಿಗಳ ಮಟ್ಟಿಗೆ ಈಚೆಗೆ ಸ್ವಲ್ಪ ಬೆಳಕು ಮೂಡಿದೆ. ಮೂವತ್ತು ಸಾವಿರ ಮಂದಿ ಹವ್ಯಾಸಿಗಳು ನೋಡಿ ಬರೆದ ಸುಮಾರು ಮೂರು ಕೋಟಿ ದಾಖಲೆಗಳನ್ನು ಕ್ರೋಡೀಕರಿಸಿ 2023ರಲ್ಲಿ ಭಾರತದ ಪಕ್ಷಿಗಳ ಸ್ಥಿತಿಯನ್ನು ಕುರಿತ ವರದಿಯೊಂದು ಹೊರಬಂದಿತು. ಅದು ಪರಿಶೀಲಿಸಿದ ಜಾತಿಗಳು 942. ದೀರ್ಘಕಾಲದಲ್ಲಿ ಹೆಚ್ಚಿದುವೋ ತಗ್ಗಿದುವೋ ಎಂದು ಹೇಳಲು ಸಾಧ್ಯವಾದುದು 338 ಜಾತಿಗಳ ವಿಷಯದಲ್ಲಿ ಮಾತ್ರ. ಅವುಗಳಲ್ಲಿ ನೂರಕ್ಕೆ ಅರವತ್ತು ತಗ್ಗಿವೆ. ಉಳಿದ 604 ಜಾತಿಗಳ ಹಿಂದಣ ಲೆಕ್ಕ ಸಾಲದು. ಆ 604ರಲ್ಲಿ ಇನ್ನೊಂದು ರಣಹದ್ದಿನ ಕಥೆ ನಡೆಯುತ್ತಿಲ್ಲವೆಂದು ಯಾರು ಹೇಳಬಲ್ಲರು? ಹವ್ಯಾಸಿಗಳಾದರೂ ಪಟ್ಟಣದ ಹತ್ತಿರದ ಕೆರೆಗೆ, ಹೆಸರಾದ ಅಭಯಾರಣ್ಯಕ್ಕೆ ಹೋಗುವಂತೆ ಬರದ ಸೀಮೆಯ ರಾಗಿಹೊಲಕ್ಕೆ ಹೋಗುವುದಿಲ್ಲ. ನೆರೆಯ ಕೇರಳದವರು 2015ರಿಂದ 2020ರ ವರೆಗೆ ತಮ್ಮ ನಾಡನ್ನು ಚಿಕ್ಕ ಚೌಕಗಳಾಗಿ ವಿಂಗಡಿಸಿ ಕ್ರಮವಾಗಿ ಹಕ್ಕಿಗಳನ್ನು ಎಣಿಸಿದರು. ಅಲ್ಲಿ ಖಾಲಿಯಾಗಿ ಉಳಿದ ಚೌಕಕ್ಕೆ ಅರ್ಥವಿದೆ. ಏಕೆಂದರೆ ದೀಪ ಹಿಡಿದು ಹೋದವರು ಇದ್ದರು. ಮಿಕ್ಕ ಕಡೆಗಳಲ್ಲಿ ಖಾಲಿ ಚೌಕವು ಕತ್ತಲೆಯ ಕೋಣೆಯೇ.

ಕರ್ಣಾಟಕದಲ್ಲಿ ರಾಮನಗರದ ರಾಮದೇವರ ಬೆಟ್ಟವನ್ನು 2012ರಲ್ಲಿ ರಣಹದ್ದುಗಳ ಅಭಯಧಾಮವೆಂದು ಸರಕಾರವು ಘೋಷಿಸಿತು. ಉದ್ದಕೊಕ್ಕಿನ ಹದ್ದುಗಳು ಆ ಬಂಡೆಯ ಚಾಚುಗಳಲ್ಲಿ ಗೂಡು ಕಟ್ಟುವುವು. ಬೆರಳಿನಲ್ಲಿ ಎಣಿಸಬಹುದಾದಷ್ಟು ಹಕ್ಕಿಗಳು. ಈಗ ಅವನ್ನು ಎಣಿಸುತ್ತಾರೆ. ಕೋಟಿಗಟ್ಟಲೆ ಇದ್ದಾಗ ಒಬ್ಬರೂ ಎಣಿಸಲಿಲ್ಲ, ಕೈಬೆರಳಿಗೆ ಇಳಿದ ಮೇಲೆ ಎಲ್ಲರೂ ಎಣಿಸುತ್ತಾರೆ. ಸೀತೆಗಾಗಿ ಹೋರಾಡಿ ಬಿದ್ದ ಜಟಾಯುವಿಗೆ ಶ್ರೀರಾಮನು ತಂದೆಗೆ ಮಾಡುವಂತೆ ಸಂಸ್ಕಾರವನ್ನು ಮಾಡಿದನು. ಆ ಕಥೆಯನ್ನು ಮನೆಮನೆಯಲ್ಲಿ ಓದಿದ ನಾಡಿನಲ್ಲಿ ಜಟಾಯುವಿನ ಕುಲವು ಬಿದ್ದುದು ಯಾವ ದಿನವೆಂದು ಕೂಡ ತಿಳಿಯದೆ ಹೋಯಿತು.

ಸಾಯಂಕಾಲವಾಗುವ ಹೊತ್ತಿಗೆ ಹುಡುಗಿಯು ತನ್ನ ಚೀಲವನ್ನು ಕಟ್ಟಿಕೊಂಡಳು. ಮುದುಕನನ್ನು ಕುರಿತು, "ತಾತ, ಇಷ್ಟೆಲ್ಲ ನಿಮಗೆ ನೆನಪಿತ್ತಲ್ಲ, ಯಾರಿಗೂ ಹೇಳಲಿಲ್ಲವೇ?" ಎಂದು ಕೇಳಿದಳು. "ಯಾರವ್ವ ಕೇಳಿದ್ರು?" ಎಂದು ಆತನು ನಕ್ಕನು. ಆ ನಗೆಯಲ್ಲಿ ದೂರು ಇರಲಿಲ್ಲ. ಇದ್ದಿದ್ದರೆ ಯಜಮಾನರಿಗೆ ಕೇಳುವುದು ಇನ್ನೂ ಸುಲಭವಾಗುತ್ತಿತ್ತು.

ಮರುದಿನ ಯಜಮಾನರು ಹೊಸದೊಂದು ಪುಸ್ತಕಕ್ಕೆ ಕೆಂಪು ಬಟ್ಟೆಯನ್ನು ಹೊದಿಸಿ, ಮೊದಲನೆಯ ಪುಟದಲ್ಲಿ ಸಂವತ್ಸರ ಮಾಸ ತಿಥಿಗಳನ್ನು ಬರೆದು, ಕೆಳಗೆ ಗೆರೆ ಎಳೆದರು. ಗುಬ್ಬಿ, ಗೊರವಂಕ, ಕಾಗೆ, ಬೆಳ್ಳಕ್ಕಿ, ಕೆಂಬೂತ, ಗರುಡ ಎಂದು ಒಂದರ ಕೆಳಗೆ ಒಂದು ಹೆಸರುಗಳು ಇಳಿದುವು. ಹೇಳುತ್ತಿದ್ದವನು ಆ ಮುದುಕ, ಬರೆಯುತ್ತಿದ್ದವರು ಅವರು. ಇಬ್ಬರೂ ಬೆಳಗಿನ ಹೊತ್ತು ಕೆರೆಯ ಏರಿಯ ಮೇಲೆ ಅರ್ಧ ಗಳಿಗೆ ನಿಂತು ಬಂದಿದ್ದರು. ಪಟ್ಟಿಯ ಕಡೆಯಲ್ಲಿ ಯಜಮಾನರು ರಣಹದ್ದು ಎಂದು ಬರೆದರು. ಎದುರಿನ ಮನೆಯನ್ನು ಖಾಲಿ ಬಿಡುವುದಕ್ಕೆ ಹೋಗಿ, ಲೇಖನಿಯನ್ನು ತಡೆದು, ಅಲ್ಲಿ ಒಂದು ಸೊನ್ನೆಯನ್ನು ಹಾಕಿದರು.

ಖಾಲಿ ಬಿಟ್ಟ ಮನೆಗೂ ಸೊನ್ನೆ ಹಾಕಿದ ಮನೆಗೂ ಬಹಳ ಅಂತರವಿದೆ. ಖಾಲಿ ಮನೆಯು ನೋಡಲಿಲ್ಲ ಎನ್ನುತ್ತದೆ. ಸೊನ್ನೆಯು ನೋಡಿದೆವು, ಇಲ್ಲ ಎನ್ನುತ್ತದೆ. ಮುಂದೆ ಎಂದಾದರೂ ಆ ಊರಿನ ಆಕಾಶದಲ್ಲಿ ಒಂದು ಹದ್ದು ಸುತ್ತಿದರೆ, ಅದು ಮರಳಿ ಬಂದುದೆಂದು ಹೇಳಲು ಮಕ್ಕಳ ಕೈಯಲ್ಲಿ ಆ ಸೊನ್ನೆಗಳೇ ಆಧಾರ. ಆ ಪುಸ್ತಕದಲ್ಲಿ ಸೊನ್ನೆಗಳು ಈಗಲೂ ಒಂದರ ಕೆಳಗೆ ಒಂದು ಬೀಳುತ್ತಿವೆ.